ಮೊದಲ ಅಂಕಿಯನ್ನು ನೋಡಿ: ವಿನಿಪೆಗ್‌ನ ಚಳಿಗೆ ಎಂಜಿನ್ ಆಯಿಲ್ ಆರಿಸುವ ಬಗೆ

ಕೆನಡಾದ ವಿನಿಪೆಗ್‌ಗೆ ಹೊಸದಾಗಿ ಬಂದು ಕಾರಿನ ವಿಮೆ, ನೋಂದಣಿ, ಲೈಸೆನ್ಸು ಎಂದು ಓಡಾಡುತ್ತಿರುವವರಿಗೆ ನಾನು ಹೇಳಬೇಕಾದದ್ದು ಹೆಚ್ಚೇನಿಲ್ಲ. ಹತ್ತಿರದ ಆಟೋಪ್ಯಾಕ್ (ಇಲ್ಲಿನ ಸರ್ಕಾರಿ ವಾಹನ ವಿಮೆ) ಏಜೆಂಟರ ಕಚೇರಿಯಲ್ಲಿ ಅವೆಲ್ಲ ಆಗುತ್ತವೆ, ಹಳೆಯ ಕಾರಾದರೆ ಸುರಕ್ಷತಾ ತಪಾಸಣೆಯ ಪ್ರಮಾಣಪತ್ರ ಜೊತೆಗಿರಲಿ. ಆ ಪ್ರಮಾಣಪತ್ರ ಬ್ರೇಕು, ಸ್ಟೀರಿಂಗು, ಟೈರು, ದೀಪಗಳ ಸ್ಥಿತಿಯನ್ನು ತಿಳಿಸುತ್ತದೆಯೇ ಹೊರತು ಎಂಜಿನ್ನಿನೊಳಗೆ ಯಾವ ಆಯಿಲ್ ಇದೆ ಎಂಬುದನ್ನು ತಿಳಿಸುವುದಿಲ್ಲ. ನಾನು ಬರೆಯಹೊರಟಿರುವುದು ಆ ಆಯಿಲ್ ಕುರಿತು, ಏಕೆಂದರೆ ಅದರ ವಿಷಯದಲ್ಲಿ ಮಾಡಿದ ತಪ್ಪಿನಿಂದ ಈ ದೇಶದಲ್ಲಿ ಕೊಂಡ ಮೊದಲ ಕಾರನ್ನು ಒಂದೇ ಚಳಿಗಾಲದಲ್ಲಿ ಕಳೆದುಕೊಂಡೆ.

ನಮ್ಮ ತಂದೆ ತಿಪಟೂರಿನಲ್ಲಿ ಮೂವತ್ತು ವರ್ಷ ಒಂದೇ ಅಂಬಾಸಡರ್ ಓಡಿಸಿದವರು. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ, ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಹೊರಗೆಳೆದು, ಹಳೆಯ ಪಂಚೆಯ ಚೂರಿನಿಂದ ಒರೆಸಿ, ಮತ್ತೆ ಅದ್ದಿ ತೆಗೆದು, ತುದಿಗೆ ಹತ್ತಿದ ಆಯಿಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡುತ್ತಿದ್ದರು. ಎಣ್ಣೆ ಗಟ್ಟಿಯಾಗಿದ್ದಷ್ಟೂ ಎಂಜಿನ್ನಿಗೆ ಆಯಸ್ಸು ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ತೆಳ್ಳಗಿನ ಎಣ್ಣೆಯನ್ನು ಅವರು ನೀರು ಎಂದೇ ಕರೆಯುತ್ತಿದ್ದರು. ನಮ್ಮಲ್ಲಿ ಅನೇಕರು ಈ ತಿಳಿವಳಿಕೆಯನ್ನು ಮನೆಯಿಂದಲೇ ಹೊತ್ತು ತಂದಿರುತ್ತೇವೆ. ಹಾಗಾಗಿ ಇಲ್ಲಿಗೆ ಬಂದ ಮೊದಲ ಅಕ್ಟೋಬರಿನಲ್ಲಿ ಕಾರಿನ ಆಯಿಲನ್ನು ನಾನೇ ಬದಲಾಯಿಸಹೊರಟಾಗ, ಅಂಗಡಿಯ ಕಪಾಟಿನಲ್ಲಿ ಊರಿನಲ್ಲಿ ಕಂಡಿದ್ದ 20ಡಬ್ಲ್ಯು-50 ಡಬ್ಬವೇ ಕಣ್ಣಿಗೆ ಬಿದ್ದಿತು, ಪರಿಚಿತರೊಬ್ಬರು ಸಿಕ್ಕಂತಾಗಿ ಅದನ್ನೇ ಎತ್ತಿಕೊಂಡೆ. ಎಂಜಿನ್ನಿನ ಆಯಿಲ್ ಮುಚ್ಚಳದ ಮೇಲೆ 5ಡಬ್ಲ್ಯು-20 ಎಂದು ಅಚ್ಚಾಗಿತ್ತು. ಆ ಮುಚ್ಚಳವನ್ನು ನನ್ನ ಕೈಯಿಂದಲೇ ತಿರುಗಿಸಿ ತೆಗೆದಿದ್ದರೂ ಅದನ್ನು ಓದಲಿಲ್ಲ.

ನವೆಂಬರಿನಲ್ಲಿ ಏನೂ ಆಗಲಿಲ್ಲ. ಡಿಸೆಂಬರಿನಲ್ಲಿ ಎಂಜಿನ್ ತಿರುಗಲು ಒದ್ದಾಡಿತು, ಬ್ಯಾಟರಿ ಹಳೆಯದಾಯಿತೆಂದುಕೊಂಡು ಹೊಸದನ್ನು ಹಾಕಿಸಿದೆ. ಜನವರಿಯ ಒಂದು ಬೆಳಿಗ್ಗೆ ಹೊರಗೆ -33 ಡಿಗ್ರಿ ಇತ್ತು, ಹಿಂದಿನ ರಾತ್ರಿ ದಣಿದು ಬಂದವನು ನಿಂತ ಎಂಜಿನ್ನನ್ನು ವಿದ್ಯುತ್ತಿನಿಂದ ಬೆಚ್ಚಗಿಡುವ ಬ್ಲಾಕ್ ಹೀಟರಿನ ವೈರನ್ನು ಪ್ಲಗ್ಗಿಗೆ ಸಿಕ್ಕಿಸಿರಲಿಲ್ಲ. ಸ್ಟಾರ್ಟರ್ ಒಂದೊಂದು ಸುತ್ತಿಗೂ ನರಳಿತು. ನಾಲ್ಕನೆಯ ಪ್ರಯತ್ನಕ್ಕೆ ಎಂಜಿನ್ ಹೊತ್ತಿಕೊಂಡಿತಾದರೂ ಆಯಿಲ್ ಒತ್ತಡದ ಕೆಂಪು ದೀಪ ಆರಲಿಲ್ಲ. ಆಗ ಆಫ್ ಮಾಡಬೇಕಿತ್ತು. ಊರಿನಲ್ಲಿ ಬೆಳಿಗ್ಗೆ ಗಾಡಿ ಬಿಸಿಯಾಗಲೆಂದು ಎಲ್ಲರೂ ಮಾಡುವಂತೆ ನಾನು ಆಕ್ಸಿಲರೇಟರ್ ಒತ್ತಿ ರೇಸ್ ಮಾಡಿದೆ, ಹಿಂದಿನ ಸೀಟಿನಲ್ಲಿದ್ದ ಮಗಳು ಕಿವಿ ಮುಚ್ಚಿಕೊಂಡಳು. ಅಂದು ಶುರುವಾದ ಟಕಟಕ ಸದ್ದು ಮತ್ತೆ ನಿಲ್ಲಲೇ ಇಲ್ಲ. ಬೇರಿಂಗುಗಳು ಸವೆದಿದ್ದವು, ಮಾರ್ಚ್ ತಿಂಗಳಲ್ಲಿ ರಿಪೇರಿಯ ಖರ್ಚು ಕಾರಿನ ಬೆಲೆಯನ್ನೂ ಮೀರಿತೆಂದು ಅದನ್ನು ಗುಜರಿಗೆ ಕೊಟ್ಟೆ.

ಒಳಗೆ ಏನಾಯಿತೆಂಬುದು ಜೋನಿ ಬೆಲ್ಲ ಕಂಡವರಿಗೆ ಸುಲಭವಾಗಿ ತಿಳಿಯುತ್ತದೆ. ಮಾಗಿಯ ಬೆಳಗಿನಲ್ಲಿ ಜೋನಿ ಬೆಲ್ಲದ ಡಬ್ಬದಿಂದ ಒಂದು ಸೌಟು ತೆಗೆದರೆ ಅಲ್ಲಿ ಬಿದ್ದ ಗುಳಿ ಬೇಗ ಮುಚ್ಚಿಕೊಳ್ಳುವುದಿಲ್ಲ. ಎಂಜಿನ್ನಿನ ತಳದ ತೊಟ್ಟಿಯಲ್ಲಿ ಹೆಪ್ಪುಗಟ್ಟಿದ ಆಯಿಲೂ ಹಾಗೆಯೇ: ಪಂಪು ತನ್ನ ಬಾಯಿಯ ಸುತ್ತಲಿನ ಆಯಿಲನ್ನು ಹೀರಿಕೊಂಡ ಮೇಲೆ ಆ ಗುಳಿಯನ್ನು ತುಂಬಲು ಉಳಿದ ಆಯಿಲ್ ಹರಿದು ಬರುವುದಿಲ್ಲ, ಪಂಪು ಗಾಳಿಯನ್ನು ಹೀರುತ್ತದೆ, ಮೇಲಿನ ಬೇರಿಂಗುಗಳು ಲೋಹಕ್ಕೆ ಲೋಹ ತಾಗಿ ತಿರುಗುತ್ತವೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಸರಿಯಾಗಿಯೇ ಕಾಣುತ್ತಿರುತ್ತದೆ.

ಡಬ್ಬದ ಮೇಲಿನ ಎರಡು ಅಂಕಿಗಳ ಅರ್ಥವನ್ನು ನಾನು ಕಲಿತದ್ದು ಇಷ್ಟಾದ ಮೇಲೆ. ಡಬ್ಲ್ಯು ಎಂದರೆ ವಿಂಟರ್. ಅದರ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ವರ್ತಿಸುತ್ತದೆ ಎಂಬುದನ್ನೂ ಮುಂದಿನ ಅಂಕಿ 100 ಡಿಗ್ರಿ ಬಿಸಿಯಲ್ಲಿ ಅದು ಎಷ್ಟು ಮಂದವಾಗಿರುತ್ತದೆ ಎಂಬುದನ್ನೂ ಹೇಳುತ್ತವೆ. ಎಸ್‌ಎಇ ಜೆ300 ಎಂಬ ಮಾನದಂಡದ ಪ್ರಕಾರ 20ಡಬ್ಲ್ಯು ಆಯಿಲಿನಲ್ಲಿ ಎಂಜಿನ್ ತಿರುಗೀತೇ ಎಂಬುದನ್ನು ಪರೀಕ್ಷಿಸುವುದು -15 ಡಿಗ್ರಿಯಲ್ಲಿ, ಪಂಪು ಅದನ್ನು ಎತ್ತೀತೇ ಎಂಬುದನ್ನು -20 ಡಿಗ್ರಿಯಲ್ಲಿ. 10ಡಬ್ಲ್ಯುಗೆ ಇವು -25 ಮತ್ತು -30, 5ಡಬ್ಲ್ಯುಗೆ -30 ಮತ್ತು -35, 0ಡಬ್ಲ್ಯುಗೆ -35 ಮತ್ತು -40. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿ 13ರ 7.8 ಡಿಗ್ರಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ತಂದೆಯವರ ಗಟ್ಟಿ ಎಣ್ಣೆ ತಿಪಟೂರಿನಲ್ಲಿ ಏಕೆ ಒಮ್ಮೆಯೂ ಕೈಕೊಡಲಿಲ್ಲ ಎಂಬುದು ತಿಳಿಯುತ್ತದೆ. ಅವರು ತಮ್ಮ ಊರಿನ ಹವೆಗೆ ತಕ್ಕದ್ದನ್ನೇ ಹೇಳಿದ್ದರು. ಆ ಮಾತನ್ನು -33 ಡಿಗ್ರಿಗೆ ತಂದು ನಂಬಿದ ತಪ್ಪು ನನ್ನದು.

ಆದ್ದರಿಂದ ಮೊದಲು ಕಾರಿನ ಕೈಪಿಡಿಯನ್ನು ತೆರೆದು, ತಯಾರಕರು ಒಪ್ಪಿರುವ ಆಯಿಲ್‌ಗಳಲ್ಲಿ ಡಬ್ಲ್ಯುವಿನ ಹಿಂದೆ ಅತಿ ಸಣ್ಣ ಅಂಕಿ ಇರುವುದನ್ನು ಆರಿಸಿಕೊಳ್ಳಿ. ಎರಡನೆಯ ಅಂಕಿಯನ್ನು ನಿಮ್ಮ ಇಷ್ಟದಂತೆ ಹೆಚ್ಚಿಸಬೇಡಿ. ಇಂದಿನ ಅನೇಕ ಕಾರುಗಳಿಗೆ 0ಡಬ್ಲ್ಯು-20 ಎಂದಿರುತ್ತದೆ. ಆ 20ನ್ನು ನೋಡಿ ತೆಳುವೆಂದು ಹೆದರುವ ನಮ್ಮವರನ್ನು ಬಹಳ ಮಂದಿ ಕಂಡಿದ್ದೇನೆ, ಆದರೆ ಎಂಜಿನ್ನಿನೊಳಗಿನ ಸಂದುಗಳನ್ನು ಆ ಆಯಿಲ್ಲಿಗೆ ಹೊಂದುವಂತೆಯೇ ಮಾಡಿರುತ್ತಾರೆ. ಕೈಪಿಡಿ 5ಡಬ್ಲ್ಯು-30 ಎಂದು ಹೇಳಿ ಚಳಿಗೆ 0ಡಬ್ಲ್ಯು-30ನ್ನೂ ಒಪ್ಪಿದ್ದರೆ ಇಲ್ಲಿ ಎರಡನೆಯದೇ ಸರಿ. 0ಡಬ್ಲ್ಯು ಆಯಿಲ್ ಸಾಮಾನ್ಯವಾಗಿ ಸಿಂಥೆಟಿಕ್ ಆಗಿರುತ್ತದೆ, ಬೆಲೆ ಹೆಚ್ಚು, ಆ ಹೆಚ್ಚಿನ ಹಣವನ್ನು ಯೋಚಿಸದೆ ಕೊಡಿ. ಡಬ್ಬದ ಹಿಂದೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ ಎಂಬ ದುಂಡು ಗುರುತು ಇದೆಯೇ ನೋಡಿ. ಜರ್ಮನ್ ಕಾರುಗಳಾದರೆ ಅಂಕಿಯ ಜೊತೆಗೆ ಆ ತಯಾರಕರ ಅನುಮೋದನೆಯ ಸಂಖ್ಯೆಯೂ ಹೊಂದಬೇಕು. ದಾರಿಯಲ್ಲಿ ಆಯಿಲ್ ಕಡಿಮೆಯಾಗಿ ನಿಮ್ಮದು ಸಿಗದಿದ್ದರೆ ಬೇರೆ ಅಂಕಿಯದನ್ನು ಸ್ವಲ್ಪ ಸೇರಿಸಿ ಮನೆ ತಲುಪಬಹುದು; ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದು ಎಷ್ಟೋ ಮೇಲು.

ಸರಿಯಾದ ಆಯಿಲ್ ಹಾಕಿದ ಮೇಲೂ ಬ್ಲಾಕ್ ಹೀಟರನ್ನು ಮರೆಯಬೇಡಿ. ಬೆಚ್ಚಗಿನ ಪ್ರಾಂತ್ಯಗಳಿಂದ ಬಂದ ಹಳೆಯ ಕಾರುಗಳಲ್ಲಿ ಅದು ಇಲ್ಲದಿರಬಹುದು, ಕೊಳ್ಳುವ ಮುನ್ನ ಮುಂಭಾಗದ ಜಾಲರಿಯಿಂದ ವೈರು ಹೊರಗೆ ಬಂದಿದೆಯೇ ಎಂದು ನೋಡಿ. ಅದು ಸಾಮಾನ್ಯವಾಗಿ ಬಿಸಿ ಮಾಡುವುದು ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟನ್ನು, ಎಂಜಿನ್ ಬೆಚ್ಚಗಾದಂತೆ ಸ್ಟಾರ್ಟ್ ಆಗುವುದು ಸುಲಭವಾಗುತ್ತದೆ. -15ರ ಕೆಳಗೆ ಇಳಿಯುವ ರಾತ್ರಿ ಪ್ಲಗ್ ಹಾಕಿ. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಟೈಮರ್ ಆನ್ ಆದರೆ ಸಾಕು. ಹವಾಮಾನ ವರದಿಯಲ್ಲಿ ಗಾಳಿಯ ಲೆಕ್ಕ ಸೇರಿಸಿ ಹೇಳುವ -45 ನಮ್ಮ ಚರ್ಮಕ್ಕೆ ಸಂಬಂಧಿಸಿದ್ದು. ಗಾಳಿಯಿಂದ ಎಂಜಿನ್ ಬೇಗ ಆರುತ್ತದೆ, ಆದರೆ ಹೊರಗಿನ ನಿಜವಾದ ತಾಪಮಾನಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆಯಿಲ್ ಆರಿಸುವಾಗ ಆ ನಿಜವಾದ ಅಂಕಿಯನ್ನೇ ನೋಡಿ. ಸ್ಟಾರ್ಟ್ ಆದ ಮೇಲೆ ಒಂದೆರಡು ನಿಮಿಷ ಬಿಟ್ಟು, ರೇಸ್ ಮಾಡದೆ ಮೆಲ್ಲಗೆ ಹೊರಡಿ.

ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಹತ್ತು ನಿಮಿಷದ ಓಡಾಟದ ಬಗ್ಗೆಯೂ ಎಚ್ಚರವಿರಲಿ. ಅಷ್ಟರಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗೆ ಕೂಡಿದ ನೀರಿನ ಪಸೆ ಆವಿಯಾಗಿ ಹೋಗುವುದಿಲ್ಲ, ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಬಿಳಿ ಪದರ ಕಟ್ಟುತ್ತದೆ. ಅದನ್ನು ಕಂಡಾಗ ಕೂಲಂಟ್ ಮಟ್ಟ ಇಳಿದಿದೆಯೇ ಎಂದು ನೋಡಿ. ಇಳಿದಿದ್ದರೆ ಮೆಕ್ಯಾನಿಕ್ ಬಳಿ ಹೋಗಿ, ಇಲ್ಲದಿದ್ದರೆ ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ. ಇಂಥ ಬಳಕೆಗೆ ಕೈಪಿಡಿಯಲ್ಲಿ ಬೇರೆಯದೇ, ಕಡಿಮೆ ಅವಧಿಯ ಆಯಿಲ್ ಬದಲಾವಣೆಯ ಕ್ರಮ ಇರುತ್ತದೆ, ಅದನ್ನು ಪಾಲಿಸಿ.

ನನ್ನ ಕಾರು ಏಕೆ ಹೋಯಿತೆಂಬುದನ್ನು ತಂದೆಯವರಿಗೆ ಎರಡು ವರ್ಷ ಹೇಳಿರಲಿಲ್ಲ. ಅವರು ನನಗೆ ಕೊಟ್ಟ ತಿಳಿವಳಿಕೆಗಳಲ್ಲಿ ಇಲ್ಲಿ ಉಪಯೋಗಕ್ಕೆ ಬರುವುದು ಇನ್ನೇನು ಉಳಿಯಿತು ಎಂಬ ಸಂಕಟ ನನ್ನನ್ನು ಬಾಯಿ ಬಿಡದಂತೆ ತಡೆದಿತ್ತು. ಕೊನೆಗೆ ಒಂದು ಜನವರಿಯಲ್ಲಿ ಎರಡು ಗಾಜಿನ ಶೀಶೆಗಳಲ್ಲಿ 20ಡಬ್ಲ್ಯು-50 ಮತ್ತು 0ಡಬ್ಲ್ಯು-20 ತುಂಬಿ ರಾತ್ರಿಯಿಡೀ ಬಾಲ್ಕನಿಯಲ್ಲಿಟ್ಟು, ಬೆಳಿಗ್ಗೆ ವಿಡಿಯೋ ಕರೆಯಲ್ಲಿ ಮಗಳ ಕೈಯಿಂದ ಅವುಗಳನ್ನು ಓರೆ ಮಾಡಿಸಿ ತೋರಿಸಿದೆ. ಒಂದರಲ್ಲಿ ಆಯಿಲ್ ಜೇನುತುಪ್ಪದ ಹಾಗೆ ಜಾರಿತು, ಇನ್ನೊಂದರಲ್ಲಿ ಚಳಿಗೆ ಹೆಪ್ಪಾದ ಕೊಬ್ಬರಿ ಎಣ್ಣೆಯಂತೆ ಅಲುಗದೆ ನಿಂತಿತು. ತಂದೆಯವರು ಬಹಳ ಹೊತ್ತು ನೋಡಿ, "ಇನ್ನೊಂದು ಸಲ ಓರೆ ಮಾಡು ಮಗಾ" ಎಂದು ಮೊಮ್ಮಗಳಿಗೆ ಹೇಳಿದರು. ಆಮೇಲೆ ನನ್ನನ್ನು ಕೇಳಿದ್ದು ಒಂದೇ ಮಾತು: "ಕಡ್ಡಿ ನೋಡೋದು ಬಿಟ್ಟಿಲ್ಲ ತಾನೆ?"

ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಚಳಿಗಾಲದ ತಯಾರಿಗೆ ಆಯುಧ ಪೂಜೆಯ ದಿನವನ್ನೇ ಇಟ್ಟುಕೊಂಡಿದ್ದೇವೆ, ನೀವೂ ಹಾಗೆ ಮಾಡಿ ಎಂಬುದು ನನ್ನ ಕೋರಿಕೆ. ಮೊದಲ ಹಿಮ ಬಿದ್ದ ಮೇಲೆ ಗ್ಯಾರೇಜುಗಳಲ್ಲಿ ಸರದಿ ಸಿಗುವುದು ಕಷ್ಟ. ಕಾರು ತೊಳೆದು ಕುಂಕುಮ ಇಡುವ ಮುನ್ನ ಮಗಳು ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಅದ್ದಿ ಮಟ್ಟ ಹೇಳುತ್ತಾಳೆ. ಬಳಿಕ ಬ್ಲಾಕ್ ಹೀಟರಿನ ಪ್ಲಗ್ ಸಿಕ್ಕಿಸಿ ಇಬ್ಬರೂ ಬಾನೆಟ್ಟಿನ ಮೇಲೆ ಬಗ್ಗಿ ಕಿವಿಗೊಡುತ್ತೇವೆ. ಹೀಟರ್ ಕೆಲಸ ಮಾಡುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ, ಒಲೆಯ ಮೇಲಿಟ್ಟ ನೀರು ಕಾಯತೊಡಗಿದಾಗಿನಂಥ ಸಣ್ಣ ಸುಂಯ್ ಸದ್ದು ಕೇಳಿಸುತ್ತದೆ.