ಪಾಪೆ ಅರಳಿದರೆ ಸಾಲದು, ಅರಳಿಯೇ ಇರಬೇಕು

ಬೆಂಗಳೂರಿನಲ್ಲಿ ಕಣ್ಣಿನ ಆಸ್ಪತ್ರೆಯ ನರ್ಸ್ ಆಗಿ ನನಗೆ 14 ವರ್ಷ. ಪೊರೆ ಆಪರೇಷನ್‌ಗೆ ಬಂದವರನ್ನು ಥಿಯೇಟರ್‌ಗೆ ಕಳಿಸುವ ಮುಂಚೆ ಡ್ರಾಪ್ಸ್ ಹಾಕಿ ಸಿದ್ಧ ಮಾಡುವುದು ನನ್ನ ಕೆಲಸ. "ಎಷ್ಟು ಸಲ ಹಾಕ್ತೀರ ಸಿಸ್ಟರ್, ಒಟ್ಟಿಗೇ ಹಾಕಿಬಿಡಿ" ಅಂತ ದಿನಕ್ಕೆ ಒಬ್ಬರಾದರೂ ಕೇಳುತ್ತಾರೆ. ನಾನೂ ಒಂದು ದಿನ ಹಾಗೇ ಮಾಡಿದ್ದೆ.

ಆಗ ಬೇರೆ ಆಸ್ಪತ್ರೆಯಲ್ಲಿದ್ದೆ. ಜೋರು ಮಳೆ. ಒಬ್ಬರು ತಾತ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಒಂದೂವರೆ ಗಂಟೆ ತಡವಾಗಿ ಬಂದರು. ಥಿಯೇಟರ್‌ನಿಂದ ಕರೆ ಮೇಲೆ ಕರೆ. ಇದ್ದ ಡ್ರಾಪ್ಸ್ ಎಲ್ಲಾ ಒಂದರ ಹಿಂದೆ ಒಂದು ಹಾಕಿದೆ. ಅರ್ಧ ಗಂಟೆಗೆ ಟಾರ್ಚ್ ಬಿಟ್ಟು ನೋಡಿದರೆ ಪಾಪೆ ಚೆನ್ನಾಗಿಯೇ ಅರಳಿತ್ತು. ಧೈರ್ಯವಾಗಿ ಒಳಗೆ ಕಳಿಸಿದೆ. ಆಪರೇಷನ್ ಅರ್ಧಕ್ಕೆ ಬರುವಾಗ ಪಾಪೆ ಚಿಕ್ಕದಾಗುತ್ತಾ ಬಂತಂತೆ. ಡಾಕ್ಟರ್ ಸಣ್ಣ ಕೊಕ್ಕೆಗಳನ್ನು ಹಾಕಿ, ಅದನ್ನು ಹಿಗ್ಗಿಸಿ ಹಿಡಿದು ಕೆಲಸ ಮುಗಿಸಿದರು. ತಾತನಿಗೆ ದೃಷ್ಟಿ ಚೆನ್ನಾಗಿ ಬಂತು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಆಮೇಲೆ ಡಾಕ್ಟರ್ ಕೂರಿಸಿಕೊಂಡು ವಿವರಿಸಿದರು. ಟ್ರೋಪಿಕಮೈಡ್, ಫಿನೈಲೆಫ್ರಿನ್ ಪಾಪೆಯನ್ನು ಅರಳಿಸುತ್ತವೆ. ಫ್ಲರ್‌ಬಿಪ್ರೊಫೆನ್ ಉರಿಯೂತ ಇಳಿಸುವ ಡ್ರಾಪ್ಸ್, ಅದು ಅರಳಿಸುವುದಿಲ್ಲ. ಪಾಪೆಯ ಸುತ್ತ ಇರುವ ಕಂದು ಪರದೆಗೆ ಉಪಕರಣ ತಾಗಿದರೆ ಸಾಕು, ಕಣ್ಣಿನೊಳಗೆ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಹುಟ್ಟಿ ಪಾಪೆ ಕುಗ್ಗಲು ಶುರುವಾಗುತ್ತದೆ. ಫ್ಲರ್‌ಬಿಪ್ರೊಫೆನ್ ಅದು ಹುಟ್ಟುವುದನ್ನೇ ತಡೆಯುತ್ತದೆ. ಹುಟ್ಟಿದ ಮೇಲೆ ಹಾಕಿದರೆ ಏನೂ ಪ್ರಯೋಜನವಿಲ್ಲ, ಅಲ್ವಾ? ಅದಕ್ಕೇ ಮೊದಲೇ ಹಾಕಬೇಕು. ಟಾರ್ಚ್ ಬೆಳಕಿನಲ್ಲಿ ಈ ಡ್ರಾಪ್ಸ್ ಕೆಲಸ ಮಾಡಿದೆಯೋ ಇಲ್ಲವೋ ಅಂತ ಗೊತ್ತೇ ಆಗುವುದಿಲ್ಲ. ನಾನು ಮೋಸ ಹೋಗಿದ್ದು ಅಲ್ಲೇ.

ಈಗ ನನ್ನ ಲೆಕ್ಕ ಗಡಿಯಾರದ ಲೆಕ್ಕ. 10 ಗಂಟೆಗೆ ಆಪರೇಷನ್ ಇದ್ದರೆ ಫ್ಲರ್‌ಬಿಪ್ರೊಫೆನ್ 8, 8.30, 9, 9.30ಕ್ಕೆ ಒಂದೊಂದೇ ಹನಿ. ಅರಳಿಸುವ ಡ್ರಾಪ್ಸ್ ಕೊನೆಯ ಒಂದು ಗಂಟೆಯಲ್ಲಿ. ಎರಡು ಡ್ರಾಪ್ಸ್ ನಡುವೆ ಐದು ನಿಮಿಷ ಬಿಟ್ಟೇ ಬಿಡುತ್ತೇನೆ. ಕಣ್ಣಿನಲ್ಲಿ ಒಂದು ಹನಿ ಪೂರ್ತಿ ನಿಲ್ಲುವಷ್ಟೂ ಜಾಗವಿಲ್ಲ. ಕೂಡಲೇ ಇನ್ನೊಂದು ಹಾಕಿದರೆ ಮೊದಲಿನದು ಕೆನ್ನೆ ಮೇಲೆ ಹರಿದು ಹೋಗುತ್ತದೆ, ಅಷ್ಟೇ.

ಹಾಕುವಾಗ ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದರೆ ಒಳಗೆ ಪುಟ್ಟ ಜೇಬಿನಂತೆ ಆಗುತ್ತದೆ. ಹನಿ ಅಲ್ಲಿಗೆ ಬೀಳಬೇಕು. ಬಾಟಲಿ ತುದಿ ರೆಪ್ಪೆಗೆ ತಾಗಬಾರದು. ಆಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯುತ್ತೇನೆ. ಫಿನೈಲೆಫ್ರಿನ್ ಮೂಗಿನ ಕಡೆ ಇಳಿದು ರಕ್ತಕ್ಕೆ ಸೇರಿದರೆ ಬಿಪಿ ಏರಬಹುದು. ವಯಸ್ಸಾದವರಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಫ್ಲರ್‌ಬಿಪ್ರೊಫೆನ್ ಸ್ವಲ್ಪ ಉರಿಯುತ್ತದೆ. ಅದನ್ನು ಮೊದಲೇ ಹೇಳಿಬಿಟ್ಟರೆ ಯಾರೂ ಬೆಚ್ಚುವುದಿಲ್ಲ.

ಡ್ರಾಪ್ಸ್ ಮುಟ್ಟುವ ಮುಂಚೆ ಎರಡು ಪ್ರಶ್ನೆ ಕೇಳುತ್ತೇನೆ. ಆಸ್ಪಿರಿನ್ ತಗೊಂಡು ಅಲರ್ಜಿ, ಉಬ್ಬಸ ಆಗಿತ್ತಾ? ಫ್ಲರ್‌ಬಿಪ್ರೊಫೆನ್ ಕೂಡ ಅದೇ ಗುಂಪಿನ ಔಷಧ, ಹೌದೆಂದರೆ ಡಾಕ್ಟರನ್ನು ಕೇಳದೆ ಅದರ ಹನಿ ಹಾಕುವುದಿಲ್ಲ. ಇನ್ನೊಂದು, ಪ್ರಾಸ್ಟೇಟ್‌ಗೆ ಮಾತ್ರೆ ಇದೆಯಾ? ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರಲ್ಲಿ ಕಂದು ಪರದೆ ಸಡಿಲವಾಗಿ ಅಲ್ಲಾಡುತ್ತದೆ, ಎಷ್ಟು ಡ್ರಾಪ್ಸ್ ಹಾಕಿದರೂ ಪಾಪೆ ಕುಗ್ಗಬಹುದು. ಎರಡು ದಿನ ಮಾತ್ರೆ ಬಿಟ್ಟರೆ ಸರಿಹೋಗುತ್ತದೆ ಅನ್ನುವ ಭರವಸೆಯೂ ಇಲ್ಲ. ಡಾಕ್ಟರ್‌ಗೆ ಮೊದಲೇ ಗೊತ್ತಿದ್ದರೆ ಕೊಕ್ಕೆ, ರಿಂಗ್ ಎಲ್ಲಾ ಸಿದ್ಧ ಇಟ್ಟುಕೊಳ್ಳುತ್ತಾರೆ. ಗಂಡಸರು ಇದನ್ನು ಹೇಳಲು ಸಂಕೋಚ ಪಡುತ್ತಾರೆ. ಹಾಗಾಗಿ ಮಾತ್ರೆಯ ಚೀಟಿಯನ್ನೇ ತರಲು ಹೇಳುತ್ತೇನೆ.

ಈಗ ಯಾರಾದರೂ ತಡವಾಗಿ ಬಂದರೆ ಥಿಯೇಟರ್‌ಗೆ ಫೋನ್ ಮಾಡಿ, ಅವರನ್ನು ಲಿಸ್ಟ್‌ನಲ್ಲಿ ಕೊನೆಗೆ ಹಾಕಿಸುತ್ತೇನೆ. ಬೈಸಿಕೊಂಡಿದ್ದೂ ಇದೆ. ಕಳೆದ ವಾರ ಹಾಗೆ ಕೊನೆಗೆ ಹೋದ ಅಜ್ಜಿಯೊಬ್ಬರಿಗೆ 12.30ಕ್ಕೆ ಟಾರ್ಚ್ ಬಿಟ್ಟು ನೋಡಿದೆ. ಕಂದು ಬಣ್ಣ ದಾರದಷ್ಟು ಅಂಚು ಮಾತ್ರ ಉಳಿದಿತ್ತು. ನಾಲ್ಕೂ ಹನಿಯ ಟೈಮ್ ಬರೆದಿದ್ದ ಚಾರ್ಟ್‌ಗೆ ಸಹಿ ಹಾಕಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.