ಡ್ರಾಯರಿನೊಳಗಿನ ಹಕ್ಕಿ: ಸುಪ್ತಮನಸ್ಸಿನ ಜೊತೆ ನನ್ನ ಅನುಭವ

ನನ್ನ ಪಕ್ಕದ ಮೇಜಿನ ಸಹೋದ್ಯೋಗಿ ಕೆಲಸ ಮಾಡುತ್ತಾ ಗುನುಗುತ್ತಿದ್ದರು. ಜೋರಾಗಿ ಏನಲ್ಲ. ಎರಡು ಮೇಜು ಆಚೆ ಕೂತವರಿಗೆ ಕೇಳಿಸುತ್ತಲೂ ಇರಲಿಲ್ಲ. ಆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಂಜೆ ಮನೆಗೆ ಬಂದ ಮೇಲೂ ಅದೇ ಯೋಚನೆ. ಎಲ್ಲರ ಮಧ್ಯೆ ಹೀಗೆ ಹಾಡಿಕೊಳ್ಳೋಕೆ ಇವರಿಗೆ ಸಂಕೋಚ ಆಗಲ್ವಾ ಅಂತ ಮನಸ್ಸಿನಲ್ಲೇ ಜಗಳ ಆಡುತ್ತಿದ್ದೆ. ಒಂದು ದಿನ ತಡೆಯಲಾರದೆ, ಅವರ ಆ ಬದಿಯಲ್ಲಿ ಕೂರುವವರನ್ನು ಕೇಳಿದೆ: "ನಿಮಗೆ ಆ ಹಾಡು ಕಿರಿಕಿರಿ ಆಗಲ್ವಾ?"

"ಯಾವ ಹಾಡು?" ಅಂದರು ಅವರು.

ಸದ್ದು ಒಂದೇ. ಒಬ್ಬರಿಗೆ ಅದು ಕಿವಿಗೇ ಬೀಳುವುದಿಲ್ಲ, ಇನ್ನೊಬ್ಬರಿಗೆ ಊಟ ಸೇರುವುದಿಲ್ಲ. ಹಾಗಾದರೆ ಉರಿ ಆ ಸದ್ದಿನಲ್ಲಿ ಇರಲಿಲ್ಲ, ನನ್ನಲ್ಲೇ ಎಲ್ಲೋ ಇತ್ತು. ಮನೋವೈದ್ಯ ಕಾರ್ಲ್ ಗುಸ್ತಾವ್ ಯುಂಗ್ ಬರೆದದ್ದನ್ನು ನಾನು ಗಮನವಿಟ್ಟು ಓದಲು ಶುರು ಮಾಡಿದ್ದು ಆಮೇಲೆ. ನಾನು ವೈದ್ಯೆ ಅಲ್ಲ, ಮನೋವಿಜ್ಞಾನ ಓದಿದವಳೂ ಅಲ್ಲ. ಕೆಲವು ವರ್ಷಗಳಿಂದ ಈ ದಾರಿಯಲ್ಲಿ ನನ್ನ ಮನಸ್ಸನ್ನೇ ನೋಡಿಕೊಳ್ಳುತ್ತಾ ಬಂದಿದ್ದೇನೆ. ಅದನ್ನು ಹೇಗೆ ಮಾಡಿದೆ ಅಂತಷ್ಟೇ ಇಲ್ಲಿ ಹೇಳುತ್ತೇನೆ.

ಯುಂಗ್ ಸ್ವಿಟ್ಜರ್ಲೆಂಡಿನವರು. 1875ರಲ್ಲಿ ಹುಟ್ಟಿ 1961ರಲ್ಲಿ ತೀರಿಕೊಂಡರು. ಮನೋವಿಶ್ಲೇಷಣೆಯನ್ನು ಶುರು ಮಾಡಿದ ಸಿಗ್ಮಂಡ್ ಫ್ರಾಯ್ಡ್ ಜೊತೆ ಕೆಲವು ವರ್ಷ ತುಂಬ ಹತ್ತಿರ ಇದ್ದರು, 1913ರ ಹೊತ್ತಿಗೆ ಇಬ್ಬರೂ ದೂರವಾದರು. ಆಮೇಲೆ ತಮ್ಮ ದಾರಿಯನ್ನು ವಿಶ್ಲೇಷಣಾತ್ಮಕ ಮನೋವಿಜ್ಞಾನ ಅಂತ ಕರೆದರು. ಇಬ್ಬರ ನಡುವಿನ ಭಿನ್ನಾಭಿಪ್ರಾಯ ದೊಡ್ಡ ಕಥೆ. ನನ್ನ ಕೆಲಸಕ್ಕೆ ಬೇಕಾದದ್ದು ಅದರಲ್ಲಿ ಒಂದೇ ಎಳೆ. ನಮ್ಮ ಅರಿವಿಗೆ ಬಾರದೆ ಕೆಲಸ ಮಾಡುವ ಮನಸ್ಸಿನ ಭಾಗ ಸುಪ್ತಮನಸ್ಸು. ಫ್ರಾಯ್ಡ್‌ಗೆ ಅದು ಅಂದರೆ ಮುಖ್ಯವಾಗಿ ನಾವು ಬೇಡ ಅಂತ ಒಳಗೆ ತಳ್ಳಿದ್ದು. ಯುಂಗ್‌ಗೆ ಅದು ಒಂದು ಭಾಗ ಮಾತ್ರ. ಇನ್ನೂ ಬೆಳಕಿಗೆ ಬಾರದ್ದು, ನಾವು ಬದುಕದೆ ಬಿಟ್ಟದ್ದು, ಮುಂದೆ ಮೊಳೆಯಬೇಕಾದದ್ದು ಕೂಡ ಅಲ್ಲೇ ಇರುತ್ತದೆ ಅನ್ನುತ್ತಾರೆ.

ನಾನು ಶುರು ಮಾಡಿದ್ದು ಕನಸಿನಿಂದ ಅಲ್ಲ, ಪದಗಳಿಂದ. 1900ರ ಕೊನೆಯಲ್ಲಿ ಯುಂಗ್ ಜ್ಯೂರಿಕ್‌ನ ಬುರ್ಗ್‌ಹೋಲ್ಜ್ಲಿ ಮಾನಸಿಕ ಆಸ್ಪತ್ರೆಗೆ ಯುವ ವೈದ್ಯರಾಗಿ ಸೇರಿದರು. ಅಲ್ಲಿ ಪದ ಹೇಳಿ ಪದ ಹೇಳಿಸುವ ಪ್ರಯೋಗಗಳನ್ನು ಮಾಡಿದರು. ಎದುರು ಕೂತವರಿಗೆ ಒಂದು ಪದ ಹೇಳುವುದು, ಅವರು ಮೊದಲು ಹೊಳೆದ ಪದ ಹೇಳುವುದು. ಹೀಗೆ ನೂರು ಪದ. ಸೆಕೆಂಡಿನ ಐದನೇ ಒಂದು ಭಾಗ ತೋರಿಸುವ ಗಡಿಯಾರದಲ್ಲಿ ಸಮಯ ಗುರುತಿಸಿಕೊಳ್ಳುತ್ತಿದ್ದರು. ಉತ್ತರ ಏನು ಅನ್ನುವುದಕ್ಕಿಂತ ಉತ್ತರ ಎಲ್ಲಿ ತಡವರಿಸಿತು ಅನ್ನುವುದೇ ಅವರ ಗಮನ ಸೆಳೆಯಿತು. ಕೇಳಿದ ಪದವನ್ನೇ ತಿರುಗಿ ಹೇಳುವುದು, ನಗುವುದು, ತಪ್ಪಾಗಿ ಕೇಳಿಸಿಕೊಳ್ಳುವುದು, ಮುಂದಿನ ಪದಕ್ಕೂ ತಡ ಆಗುವುದು, ಇವೆಲ್ಲ ಗುರುತುಗಳು. ಎಲ್ಲ ಮುಗಿದ ಮೇಲೆ ಮತ್ತೆ ಅದೇ ಪಟ್ಟಿ ಓದಿ, ಮೊದಲು ಏನು ಹೇಳಿದ್ದಿರಿ ಅಂತ ಕೇಳುತ್ತಿದ್ದರು. ಮರೆತುಹೋದ ಉತ್ತರಗಳು, ಬದಲಾದ ಉತ್ತರಗಳು ಹೆಚ್ಚಾಗಿ ತಡವರಿಸಿದ ಜಾಗದಲ್ಲೇ ಸಿಗುತ್ತಿದ್ದವು.

ಈ ತಡವರಿಕೆಯ ಕೆಳಗೆ ಇರುವ ಗಂಟನ್ನು ಯುಂಗ್ ಕಾಂಪ್ಲೆಕ್ಸ್ ಅಂದರು. ನಾವು ಮಾತಿನಲ್ಲಿ "ಅವನಿಗೆ ಕಾಂಪ್ಲೆಕ್ಸ್ ಇದೆ" ಅಂದರೆ ಕೀಳರಿಮೆ ಅಂತ ಅರ್ಥ. ಯುಂಗ್ ಹೇಳಿದ್ದು ಅದಲ್ಲ. ಒಂದು ಗಟ್ಟಿ ಭಾವನೆಯ ಸುತ್ತ ನೆನಪುಗಳು, ಮಾತುಗಳು, ಚಿತ್ರಗಳು ಸುತ್ತಿಕೊಂಡು ಆದ ಗಂಟು ಅದು. ಆ ಗಂಟಿಗೆ ತನ್ನದೇ ಇಷ್ಟಾನಿಷ್ಟ ಇರುತ್ತದೆ. ಅದು ನಮ್ಮ ಕೈಯಲ್ಲಿ ಇರುವುದಕ್ಕಿಂತ ನಾವೇ ಅದರ ಕೈಯಲ್ಲಿ ಇರುವ ಹೊತ್ತು ಜಾಸ್ತಿ.

ನಾನು ಒಬ್ಬ ಗೆಳತಿಯನ್ನು ಕೂರಿಸಿಕೊಂಡು ಐವತ್ತು ಪದಗಳ ಪಟ್ಟಿ ಕೊಟ್ಟೆ. ಅದಕ್ಕೆ ಅವಳೂ ತನ್ನ ಕಡೆಯಿಂದ ಹತ್ತು ಪದ ಸೇರಿಸಿದಳು. ಅವು ಯಾವುವು ಅಂತ ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಸಮಯ ನೋಡುತ್ತಾ ಅವಳು ಓದುತ್ತಾ ಹೋದಳು. ನೀರು, ಬಾವಿ. ಮೇಜು, ಕೆಲಸ. ಬಾಗಿಲು, ಚಿಲಕ. ಎಲ್ಲ ಎರಡು ಸೆಕೆಂಡಿನ ಒಳಗೆ. ಹಾಡು ಅಂದಳು. ನನಗೆ ಏನೂ ಹೊಳೆಯಲಿಲ್ಲ. ತಲೆ ಬಿಳಿ ಹಾಳೆಯ ಹಾಗೆ. ಕೊನೆಗೆ "ಮುಗೀತು" ಅಂದೆ. ಏಳು ಸೆಕೆಂಡು ಆಗಿತ್ತು. ಮುಂದಿನ ಪದ ಕಿಟಕಿ, ಅಂಥ ಸುಲಭದ ಪದಕ್ಕೂ ನಾಲ್ಕು ಸೆಕೆಂಡು. ಅರ್ಧ ಗಂಟೆ ಬಿಟ್ಟು ಮತ್ತೆ ಪಟ್ಟಿ ಓದಿದಾಗ, ಹಾಡು ಅನ್ನುವುದಕ್ಕೆ "ಸಂಗೀತ ಅಂದಿದ್ದೆ" ಅಂತ ಪೂರ್ತಿ ನಂಬಿಕೆಯಿಂದ ಹೇಳಿದೆ. ಅವಳು ಕಾಗದ ತಿರುಗಿಸಿ ತೋರಿಸಿದಳು. ಮುಗೀತು.

ಅದನ್ನು ನೋಡಿ ನನಗೆ ಭಯವೇ ಆಯಿತು. ನನ್ನ ಬಾಯಿಂದಲೇ ಬಂದ ಮಾತು, ಅರ್ಧ ಗಂಟೆಯಲ್ಲಿ ಯಾರೋ ಬದಲಾಯಿಸಿ ಇಟ್ಟ ಹಾಗೆ.

ಸುಪ್ತಮನಸ್ಸು ಕನಸಿನಲ್ಲೂ ಮಾತಾಡುತ್ತದೆ ಅನ್ನುತ್ತಾರೆ ಯುಂಗ್. ಕನಸು ಬರೆಯುವ ಅಭ್ಯಾಸ ಆಗ ಶುರುವಾಯಿತು. ಮೊದಲ ಮೂರು ವಾರ ಏನೂ ಸಿಗಲಿಲ್ಲ. ಎದ್ದ ಕೂಡಲೇ ಎಲ್ಲ ಹೋಗಿಬಿಡುತ್ತಿತ್ತು. ಕೊನೆಗೆ ಉಪಯೋಗಕ್ಕೆ ಬಂದದ್ದು ಒಂದೇ: ಎಚ್ಚರ ಆದಾಗ ಮಗ್ಗುಲು ಬದಲಿಸಬಾರದು, ಕಣ್ಣು ಬಿಡಬಾರದು. ಕೊನೆಯ ಚಿತ್ರವನ್ನು ಹಿಡಿದುಕೊಂಡು ಹಿಂದಕ್ಕೆ ಹೋಗಬೇಕು. ಆಮೇಲೆ ಪೆನ್ಸಿಲು, ಪುಸ್ತಕ. ಫೋನು ಬೇಡ, ಅದರ ಬೆಳಕಿಗೇ ಅರ್ಧ ಕನಸು ಕರಗುತ್ತದೆ. ಬಲಗಡೆ ಪುಟದಲ್ಲಿ ಕನಸು, ಈಗ ನಡೆಯುತ್ತಿದೆ ಅನ್ನುವ ಹಾಗೆ. ಎಡಗಡೆ ಹಿಂದಿನ ದಿನ ಏನಾಯಿತು ಅಂತ ಎರಡು ಸಾಲು. ಕನಸು ಜಾಸ್ತಿ ಕಾಣುವ ನಿದ್ದೆಯ ಹಂತ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಬರುತ್ತದೆ, ಬೆಳಗಿನ ಕಡೆಗೆ ಉದ್ದವಾಗುತ್ತದೆ. ಅದಕ್ಕೇ ಬೇಗ ಮಲಗಿ, ಅಲಾರಾಂ ಇಲ್ಲದೆ ಏಳುವ ದಿನಗಳಲ್ಲಿ ನನಗೆ ಹೆಚ್ಚು ಸಿಕ್ಕಿತು.

ಎರಡು ತಿಂಗಳ ಮೇಲೆ ಈ ಕನಸು ಬಂತು. ಪುಸ್ತಕದಲ್ಲಿ ಇದ್ದ ಹಾಗೇ ಕೊಡುತ್ತೇನೆ.

"ಆಫೀಸು. ಯಾರೂ ಇಲ್ಲ. ಮೇಜಿನ ಕೆಳಗಿನ ಡ್ರಾಯರ್ ಎಳೆಯುತ್ತೇನೆ. ಒಳಗೆ ಕಂದು ಬಣ್ಣದ ಸಣ್ಣ ಹಕ್ಕಿ. ಸತ್ತಿದೆ ಅಂದುಕೊಳ್ಳುತ್ತೇನೆ. ಮುಟ್ಟಿದರೆ ಬಿಸಿ. ಯಾರಾದರೂ ನೋಡಿಯಾರು ಅಂತ ಹೆದರಿ ಮೇಲೆ ಒಂದು ಫೈಲ್ ಇಟ್ಟು ಡ್ರಾಯರ್ ಮುಚ್ಚುತ್ತೇನೆ. ಎಚ್ಚರ."

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಮೊದಲು ಕನಸಿನ ಅರ್ಥ ಹೇಳುವ ಪಟ್ಟಿಯಲ್ಲಿ ಹುಡುಕಿದೆ. ಹಕ್ಕಿ ಅಂದರೆ ಆತ್ಮ, ಸ್ವಾತಂತ್ರ್ಯ ಅಂತ ಇತ್ತು. ಓದಿ ಖುಷಿ ಆಯಿತು, ಆದರೆ ನನ್ನೊಳಗೆ ಏನೂ ಅಲುಗಲಿಲ್ಲ. ಯಾರ ಕನಸಿಗೆ ಬೇಕಾದರೂ ಹೊಂದುವ ಅರ್ಥ ಯಾರದ್ದೂ ಅಲ್ಲ. ಆಮೇಲೆ ಹೊಳೆದದ್ದರ ಹಿಂದೆ ಓಡಿದೆ. ಹಕ್ಕಿ, ಗರಿ, ಪೆನ್ನು, ಶಾಲೆ, ಪರೀಕ್ಷೆ. ಪರೀಕ್ಷೆಯ ಭಯಕ್ಕೆ ಬಂದು ತಲುಪಿದೆ. ಅದೂ ನಿಜವೇ ಇರಬಹುದು, ಆದರೆ ಹಕ್ಕಿ ಎಲ್ಲೋ ಹಿಂದೆ ಉಳಿದುಹೋಗಿತ್ತು. ಚಿತ್ರವನ್ನು ಬಿಟ್ಟು ಓಡಬೇಡಿ, ಅದರ ಸುತ್ತಲೇ ಸುತ್ತಿ ಅನ್ನುವುದು ಯುಂಗ್ ಕಲಿಸಿದ ದಾರಿ. ಪ್ರತಿ ಸಲವೂ ತಿರುಗಿ ಹಕ್ಕಿಗೇ ಬರಬೇಕು. ಹಕ್ಕಿ ಗೊತ್ತಿಲ್ಲದವರಿಗೆ ನಾನು ಈ ಹಕ್ಕಿಯನ್ನು ಹೇಗೆ ವರ್ಣಿಸುತ್ತೇನೆ? ಕಂದು ಬಣ್ಣ, ಯಾರೂ ಗಮನಿಸದ್ದು. ಡ್ರಾಯರ್, ನಾನು ಮುಖ್ಯ ಅಲ್ಲದ್ದನ್ನೆಲ್ಲ ತುರುಕುವ ಜಾಗ. ಬಿಸಿ?

ಬಿಸಿ ಅನ್ನುವಲ್ಲಿ ನನ್ನ ಕೈ ತಾನಾಗಿ ಕತ್ತಿನ ಮೇಲೆ ಹೋಯಿತು. ಚಿಕ್ಕವಳಿದ್ದಾಗ ತುಂಬ ಹೊತ್ತು ಹಾಡಿದ ಮೇಲೆ ಕತ್ತಿನ ಮೇಲೆ ಕೈ ಇಟ್ಟರೆ ಇದೇ ಬಿಸಿ ಇರುತ್ತಿತ್ತು.

ಹದಿಮೂರನೇ ವಯಸ್ಸಿನಲ್ಲಿ ಒಂದು ಸಮೂಹಗಾನಕ್ಕೆ ತಯಾರಿ ನಡೆದಿತ್ತು. ಕಲಿಸುತ್ತಿದ್ದವರು ನನ್ನನ್ನು ಪಕ್ಕಕ್ಕೆ ಕರೆದು, "ನೀನು ಸುಮ್ನೆ ಬಾಯಿ ಆಡಿಸು ಸಾಕು, ದನಿ ಬೇಡ" ಅಂದಿದ್ದರು. ವೇದಿಕೆ ಮೇಲೆ ಹಾಗೇ ಮಾಡಿದೆ. ಆಮೇಲೆ ಹಾಡಲಿಲ್ಲ.

ಗಮನಿಸಿ, ಈ ಘಟನೆಯನ್ನು ನಾನು ಮರೆತಿರಲಿಲ್ಲ. ಎಷ್ಟೋ ಜನರಿಗೆ ನಗುತ್ತಾ ಹೇಳಿದ್ದೇನೆ. ಸುಪ್ತಮನಸ್ಸು ಅಂದರೆ ಪೂರ್ತಿ ಮರೆತುಹೋದ ರಹಸ್ಯಗಳ ಕೋಣೆ ಅಂದುಕೊಂಡಿದ್ದೆ. ನನ್ನ ವಿಷಯದಲ್ಲಿ ಹಾಗಿರಲಿಲ್ಲ. ಘಟನೆ ನೆನಪಿತ್ತು, ಅದರ ಬಿಸಿ ಕಾಣೆಯಾಗಿತ್ತು. ಆ ಬೆಳಿಗ್ಗೆ ಮಂಚದ ಮೇಲೆ ಕೂತು, ಕತ್ತಿನ ಮೇಲೆ ಕೈ ಇಟ್ಟುಕೊಂಡು ಅತ್ತೆ. ಘಟನೆ ನಡೆದ ದಿನ ಅತ್ತಿರಲಿಲ್ಲ.

ಈಗ ಗುನುಗುವ ಸಹೋದ್ಯೋಗಿಯ ವಿಷಯಕ್ಕೆ ಬರುತ್ತೇನೆ. ನಾವು ನಮ್ಮದಲ್ಲ ಅಂತ ದೂರ ಇಟ್ಟ ಭಾಗವನ್ನು ಯುಂಗ್ ನೆರಳು ಅನ್ನುತ್ತಾರೆ. ನೆರಳು ಅಂದ ಕೂಡಲೇ ಜನ ಕೋಪ, ದುರಾಸೆ, ಕೆಟ್ಟದ್ದು ಅಂತ ಯೋಚಿಸುತ್ತಾರೆ. ಒಳ್ಳೆಯದೂ ಅಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ನನ್ನ ನೆರಳಿನಲ್ಲಿ ಇದ್ದದ್ದು ಯಾರ ಅಪ್ಪಣೆಯನ್ನೂ ಕೇಳದೆ ಹಾಡುವ ಒಬ್ಬ ಹುಡುಗಿ. ಅವಳನ್ನು ನನ್ನೊಳಗೆ ನೋಡಲಾರದೆ ಪಕ್ಕದ ಮೇಜಿನವರ ಮೇಲೆ ಹೊರಿಸಿದ್ದೆ. ಯುಂಗ್ ಇದನ್ನು ಪ್ರಕ್ಷೇಪಣೆ ಅನ್ನುತ್ತಾರೆ. ನಾವು ಹೊರಿಸುವುದನ್ನು ನೇತುಹಾಕಲು ಎದುರಿನವರಲ್ಲಿ ಒಂದು ಮೊಳೆಯಾದರೂ ಬೇಕು. ಅವರು ನಿಜವಾಗಲೂ ಗುನುಗುತ್ತಿದ್ದರು. ಆದರೆ ಆ ಮೊಳೆಗೆ ನೇತುಹಾಕಿದ ಭಾರ ಪೂರ್ತಿ ನನ್ನದು. ಯಾರ ಬಗ್ಗೆಯಾದರೂ ನನ್ನ ಸಿಟ್ಟು ವಿಷಯಕ್ಕಿಂತ ದೊಡ್ಡದಾದಾಗ ಈಗ ಮೊದಲು ಹುಡುಕುವುದು ಆ ಭಾರವನ್ನು.

ಕನಸು ಎಚ್ಚರದ ಮನಸ್ಸು ಬಿಟ್ಟುಬಿಟ್ಟ ಬದಿಯನ್ನು ತೋರಿಸಿ ತಕ್ಕಡಿ ಸರಿಮಾಡುತ್ತದೆ ಅನ್ನುವುದು ಯುಂಗ್ ಅವರ ಮುಖ್ಯ ಮಾತುಗಳಲ್ಲಿ ಒಂದು. ಅದಕ್ಕೇ ಪ್ರತಿ ಕನಸಿಗೂ ನಾನು ಕೇಳುವುದು ಒಂದೇ ಪ್ರಶ್ನೆ: ನಾನು ಎಲ್ಲಿ ಒಂದೇ ಕಡೆ ವಾಲಿದ್ದೇನೆ? ಆದರೆ ಒಂದೇ ಕನಸನ್ನು ನೆಚ್ಚಿಕೊಂಡು ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಆರು ತಿಂಗಳ ಕನಸುಗಳನ್ನು ಒಟ್ಟಿಗೆ ಓದಿದಾಗಲೇ ಎಳೆ ಕಾಣುವುದು.

ಎಲ್ಲ ಮನುಷ್ಯರಿಗೂ ಸೇರಿದ ಸಾಮೂಹಿಕ ಸುಪ್ತಮನಸ್ಸು, ಅದರಲ್ಲಿರುವ ಆದಿರೂಪಗಳು, ಈ ವಿಚಾರದಿಂದಲೇ ಯುಂಗ್ ಹೆಚ್ಚು ಪ್ರಸಿದ್ಧರು. ತಾಯಿ, ವೃದ್ಧ ಜ್ಞಾನಿ, ಮಗು ಇಂಥ ರೂಪಗಳು ದೂರ ದೂರದ ಕಥೆಗಳಲ್ಲಿ ಮತ್ತೆ ಮತ್ತೆ ಬರುವುದು ನಿಜ. ಅದಕ್ಕೆ ಕಾರಣ ಹುಟ್ಟಿನಿಂದ ಬಂದ ಮನಸ್ಸಿನ ಅಚ್ಚುಗಳೇ ಅನ್ನುವುದನ್ನು ಎಲ್ಲ ಮನೋವಿಜ್ಞಾನಿಗಳೂ ಒಪ್ಪುವುದಿಲ್ಲ. ನನ್ನ ಅಭ್ಯಾಸದಲ್ಲಿ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ನನ್ನ ಕತ್ತು, ನನ್ನ ಡ್ರಾಯರ್. ಪುರಾಣದ ಹಕ್ಕಿಗಳು ಆಮೇಲೆ.

ಇನ್ನೊಂದು ವಿಧಾನವನ್ನು ಎಚ್ಚರಿಕೆಯಿಂದ ಬಳಸಿದ್ದೇನೆ, ಅದಕ್ಕೆ ಸಕ್ರಿಯ ಕಲ್ಪನೆ ಅಂತ ಹೆಸರು. ಎಚ್ಚರವಿದ್ದಾಗಲೇ ಕನಸಿನ ಚಿತ್ರವನ್ನು ಕಣ್ಣ ಮುಂದೆ ತಂದುಕೊಂಡು, ಅದು ತಾನಾಗಿ ಚಲಿಸಲು ಬಿಟ್ಟು, ಅದರ ಜೊತೆ ಮಾತಾಡುವುದು. ಯುಂಗ್ 1913ರ ಕೊನೆಯಿಂದ ಇದನ್ನು ತಮ್ಮ ಮೇಲೇ ಮಾಡಿಕೊಂಡು, ಕಪ್ಪು ಪುಸ್ತಕಗಳಲ್ಲಿ ಬರೆದು, ಆಮೇಲೆ ಚಿತ್ರಗಳ ಸಮೇತ ದೊಡ್ಡ ಕೆಂಪು ಪುಸ್ತಕಕ್ಕೆ ಇಳಿಸಿದರು. ಅದು ಅಚ್ಚಾಗಿ ಹೊರಬಂದದ್ದು 2009ರಲ್ಲಿ. ಆ ದಿನಗಳಲ್ಲಿ ತಮ್ಮನ್ನು ನೆಲಕ್ಕೆ ಕಟ್ಟಿಹಾಕಿದ್ದು ಮನೆಮಂದಿ ಮತ್ತು ರೋಗಿಗಳ ಕೆಲಸ ಅಂತ ಅವರೇ ಹೇಳಿದ್ದಾರೆ. ಇಲ್ಲದ ದನಿ ಕೇಳಿಸುವವರು, ತೀವ್ರ ಖಿನ್ನತೆ ಇರುವವರು, ತಡೆಯಲಾರದ ನೆನಪುಗಳು ಇರುವವರು ಇದನ್ನು ಒಬ್ಬರೇ ಮಾಡಬಾರದು. ತರಬೇತಿ ಪಡೆದ ಚಿಕಿತ್ಸಕರು ಜೊತೆಗಿರಲಿ.

ನಾನು ಇಪ್ಪತ್ತು ನಿಮಿಷ ಮಾತ್ರ ಕೂತೆ. ಡ್ರಾಯರ್ ಎಳೆದು ಫೈಲ್ ಎತ್ತಿದೆ. ಹಕ್ಕಿ ಹಾರಲಿಲ್ಲ. ಫೈಲಿಗೆ ಕಟ್ಟಿದ್ದ ದಾರವನ್ನು ಕೊಕ್ಕಿನಲ್ಲಿ ಹಿಡಿದು ಎಳೆಯಿತು. ಏನು ಬೇಕು ಅಂತ ಕೇಳಿದರೆ ಉತ್ತರ ಇಲ್ಲ, ಎಳೆಯುತ್ತಲೇ ಇತ್ತು. ಕಂಡದ್ದನ್ನು ಬದುಕಿಗೆ ಇಳಿಸದಿದ್ದರೆ ಈ ಕೆಲಸಕ್ಕೆ ಅರ್ಥ ಇಲ್ಲ ಅಂತ ಯುಂಗ್ ಗಟ್ಟಿಯಾಗಿ ನಂಬಿದ್ದರು. ಅದಕ್ಕೇ ಆ ವಾರದಿಂದ ಬಾಗಿಲು ಹಾಕಿಕೊಂಡು ದಿನಾ ಹತ್ತು ನಿಮಿಷ ಹಾಡುತ್ತೇನೆ. ಸಹೋದ್ಯೋಗಿ ಈಗಲೂ ಗುನುಗುತ್ತಾರೆ. ಕೆಲವು ದಿನ ನನಗೆ ಕೇಳಿಸುತ್ತದೆ, ಕೆಲವು ದಿನ ಇಲ್ಲ.

ಒಂದು ವರ್ಷ ಬಿಟ್ಟು ಅದೇ ಗೆಳತಿ ಅದೇ ಪಟ್ಟಿ ಓದಿದಳು. ಹಾಡು, ಉಸಿರು. ಎರಡು ಸೆಕೆಂಡೂ ಆಗಿರಲಿಲ್ಲ. ಈ ಸಲ ನಿಂತದ್ದು ಕೊನೆಯ ಪುಟದಲ್ಲಿ, ಅಣ್ಣ ಅನ್ನುವ ಪದಕ್ಕೆ. ಹೋದ ಸಲ ಸಲೀಸಾಗಿ ದಾಟಿದ್ದ ಪದ. ಎಂಟು ಸೆಕೆಂಡು. ಅವಳು ಏನೂ ಕೇಳದೆ ಪೆನ್ಸಿಲಿನಲ್ಲಿ ಅದರ ಮುಂದೆ ಒಂದು ಚುಕ್ಕೆ ಇಟ್ಟು ಮುಂದಿನ ಪದ ಓದಿದಳು.