ಮಳೆಗಾಲದಲ್ಲೇ ಲೀಗ್ ಆಡಿಸಿದೆವು: ಮಂಗಳೂರಿನ ಎಂಟು ಕ್ಲಬ್‌ಗಳ ಜೊತೆ ನನ್ನ ಅನುಭವ

ನಮ್ಮ ಮಂಗಳೂರಿನ ಕಡೆ ಫುಟ್‌ಬಾಲ್ ಟೂರ್ನಮೆಂಟ್‌ಗೆ ಬರ ಇಲ್ಲ. ಬೆಂಗ್ರೆ, ಬಂದರು, ಕುದ್ರೋಳಿ, ಉಳ್ಳಾಲ, ಎಲ್ಲಿಗೆ ಹೋದರೂ ಕ್ಲಬ್ ಉಂಟು, ಟ್ರೋಫಿ ಉಂಟು. ಆದರೆ ಹೆಚ್ಚಿನವೆಲ್ಲ ನಾಕೌಟ್. ಬೆಳಿಗ್ಗೆ ಸೋತ ತಂಡ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತದೆ. ವರ್ಷವಿಡೀ ಅಭ್ಯಾಸ ಮಾಡಿದ ಹುಡುಗನಿಗೆ ಸಿಕ್ಕಿದ್ದು ಎರಡು ಹಾಫ್, ಅಷ್ಟೇ. ಒಂದೇ ಪಂದ್ಯ ಗೆಲ್ಲಬೇಕು ಅಂದಾಗ ಕ್ಲಬ್‌ನವರೂ ಹಣ ಕೊಟ್ಟು ಹೊರಗಿನ ಆಟಗಾರರನ್ನು ಕರೆಸುತ್ತಾರೆ. ಊರಿನ ಹುಡುಗ ಬೆಂಚಿನಲ್ಲೇ ಉಳಿಯುತ್ತಾನೆ. ಹೀಗೆ ಕೆಲವು ವರ್ಷ ನಡೆದರೆ ಕ್ಲಬ್ ಜೆರ್ಸಿಯಲ್ಲಿ ಮಾತ್ರ ಉಳಿಯುತ್ತದೆ.

ಇದು ನಮ್ಮ ಊರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡ್‌ನಲ್ಲಿ 1888ರಲ್ಲಿ ವಿಲಿಯಂ ಮೆಕ್‌ಗ್ರೆಗರ್ ಎಂಬ ಬಟ್ಟೆ ವ್ಯಾಪಾರಿ ಬೇರೆ ಕ್ಲಬ್‌ಗಳಿಗೆ ಪತ್ರ ಬರೆದದ್ದು ಇಂಥದ್ದೇ ತಲೆನೋವಿನಿಂದ. ಅವರು ಆಸ್ಟನ್ ವಿಲ್ಲಾ ಕ್ಲಬ್‌ನ ಆಡಳಿತದಲ್ಲಿದ್ದರು. ಕಪ್ ಪಂದ್ಯ ಬಂದರೆ ಉಳಿದ ಪಂದ್ಯಗಳು ರದ್ದಾಗುತ್ತಿದ್ದವು, ನೋಡಲು ಬಂದ ಜನ ಸುಮ್ನೆ ವಾಪಸ್ ಹೋಗುತ್ತಿದ್ದರು. ಮೊದಲೇ ದಿನ ನಿಗದಿ ಮಾಡಿ ಎಲ್ಲರೂ ಎಲ್ಲರ ವಿರುದ್ಧ ಆಡುವ ಎಂದು ಅವರು ಕೇಳಿದರು. 12 ಕ್ಲಬ್‌ಗಳು ಒಪ್ಪಿದವು. ಜಗತ್ತಿನ ಮೊದಲ ಫುಟ್‌ಬಾಲ್ ಲೀಗ್ ಶುರುವಾದದ್ದು ಹಾಗೆ.

ನಾನು ಕಾರ್ಯದರ್ಶಿಯಾಗಿ ನೋಡಿಕೊಳ್ಳುವ ಲೀಗ್ ತುಂಬಾ ಸಣ್ಣದು. ಮೊದಲ ಡಿವಿಷನ್‌ನಲ್ಲಿ ಎಂಟು ಕ್ಲಬ್, ಈಗ ಅದರ ಕೆಳಗೆ ಇನ್ನೊಂದು ಡಿವಿಷನ್. ಸಂಬಳದ ಆಟಗಾರ ಒಬ್ಬನೂ ಇಲ್ಲ. ಎಂಟೂ ಕ್ಲಬ್ ಕೊನೆಯ ಪಂದ್ಯದವರೆಗೆ ಆಡಬೇಕು ಎಂಬುದೊಂದೇ ನಮ್ಮ ಗುರಿಯಾಗಿತ್ತು. ಅದನ್ನು ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತೇನೆ.

ಮೊದಲ ಪ್ರಶ್ನೆ, ಯಾವಾಗ ಆಡಿಸುವುದು? ನಾನು ಜೂನ್–ಜುಲೈ ಅಂದೆ. ಸಭೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. "ಎಂತ ಮಾರಾಯ್ರೆ, ಈ ಮಳೆಯಲ್ಲಿ ಲೀಗಾ?" ಅಂತ ಹಿರಿಯರೊಬ್ಬರು ಕೇಳಿದರು. ಕೇಳಿದ್ದು ನ್ಯಾಯವೇ. ನಮ್ಮಲ್ಲಿ ಜುಲೈ ಮಳೆ ಅಂದರೆ ಆಕಾಶವೇ ಕಾಣದ ಮಳೆ. ಆದರೆ ಕ್ಯಾಲೆಂಡರ್ ಬಿಡಿಸಿ ನೋಡಿ. ನವೆಂಬರ್‌ನಿಂದ ದೈವಗಳ ಕೋಲ, ನೇಮ, ಯಕ್ಷಗಾನ, ಮದುವೆ. ವಾರದ ಕೊನೆಗೆ ಒಂದಲ್ಲ ಒಂದು ಕಾರ್ಯಕ್ರಮ ಇದ್ದೇ ಇರುತ್ತದೆ. ಮಾರ್ಚ್‌ನಲ್ಲಿ ಪರೀಕ್ಷೆ. ರಂಜಾನ್ ಉಪವಾಸ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಬರುತ್ತದೆ, ಈಚಿನ ವರ್ಷಗಳಲ್ಲಿ ಅದೂ ಇದೇ ಹೊತ್ತಿಗೆ ಬಂದಿದೆ. ಮೇ ಕೊನೆಯ ವಾರದಲ್ಲಿ ಪತ್ತನಾಜೆ ಎಂಬ ತುಳುವರ ದಿನ ಕಳೆದರೆ ಕೋಲ ನಿಲ್ಲುತ್ತದೆ, ಯಕ್ಷಗಾನ ಮೇಳಗಳು ಆ ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಜುಲೈ ಮಧ್ಯದಲ್ಲಿ ತುಳುವರ ಆಟಿ ತಿಂಗಳು ಹಿಡಿದರೆ ಮದುವೆಯೂ ಇಲ್ಲ.

ಎಲ್ಲಕ್ಕಿಂತ ಮುಖ್ಯ ಬೋಟು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೆಂಗ್ರೆ, ಉಳ್ಳಾಲದ ತಂಡಗಳಲ್ಲಿ ಬೋಟಿಗೆ ಹೋಗುವ ಹುಡುಗರು ಎಷ್ಟೋ ಮಂದಿ ಇದ್ದಾರೆ. ಉಳಿದ ತಿಂಗಳುಗಳಲ್ಲಿ ಅವರು ಯಾವ ದಿನ ದಡದಲ್ಲಿರುತ್ತಾರೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಈ ಎರಡು ತಿಂಗಳು ಮಾತ್ರ ಅವರು ಖಂಡಿತ ಊರಿನಲ್ಲಿ ಸಿಗುತ್ತಾರೆ. ಒಳ್ಳೆಯ ಸ್ಟಾಪರ್, ಒಳ್ಳೆಯ ಗೋಲಿ ಬೋಟು ಕಟ್ಟುವ ದಕ್ಕೆಯಲ್ಲಿ ಬಲೆ ಸರಿಮಾಡುತ್ತಾ ಕೂತಿರುವಾಗ ನಾವು ಒಣ ನೆಲ ಬೇಕು ಅಂತ ಡಿಸೆಂಬರ್‌ವರೆಗೆ ಕಾಯುವುದು ಯಾಕೆ? ಈ ಮಾತಿಗೆ ಸಭೆ ಒಪ್ಪಿತು.

ನಂತರ ಫಿಕ್ಸ್ಚರ್, ಅಂದರೆ ಯಾವ ವಾರ ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ. ಎಂಟು ತಂಡ ಒಮ್ಮೊಮ್ಮೆ ಎದುರಾದರೆ 28 ಪಂದ್ಯ, ಅಂದರೆ ಏಳು ಸುತ್ತು, ಸುತ್ತಿಗೆ ನಾಲ್ಕು. ಇದಕ್ಕೆ ಆ್ಯಪ್ ಬೇಕಾಗಿಲ್ಲ. ಒಂದು ಕಾಗದದಲ್ಲಿ ಮೇಲಿನ ಸಾಲಿಗೆ 1, 2, 3, 4 ಬರೆಯಿರಿ. ಅದರ ಕೆಳಗೆ 8, 7, 6, 5. ಮೇಲೆ ಕೆಳಗೆ ಇರುವವರು ಎದುರಾಳಿಗಳು. ಮುಂದಿನ ವಾರ 1ನ್ನು ಅಲ್ಲೇ ಬಿಟ್ಟು ಉಳಿದವರನ್ನೆಲ್ಲ ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದೊಂದು ಮನೆ ಸರಿಸಿ. ಆಗ 1ಕ್ಕೆ 7, 8ಕ್ಕೆ 6, 2ಕ್ಕೆ 5, 3ಕ್ಕೆ 4 ಬರುತ್ತದೆ. ಆರು ಸಲ ಹೀಗೆ ತಿರುಗಿಸಿದರೆ ಏಳು ಸುತ್ತೂ ಸಿಗುತ್ತದೆ, ಯಾರೂ ಬಿಟ್ಟು ಹೋಗುವುದಿಲ್ಲ, ಯಾರೂ ಎರಡು ಸಲ ಸಿಗುವುದಿಲ್ಲ. ತಂಡಗಳು ಬೆಸ ಸಂಖ್ಯೆಯಲ್ಲಿದ್ದರೆ ಒಂದು ಜಾಗಕ್ಕೆ 'ರಜೆ' ಅಂತ ಬರೆದರಾಯಿತು. ನಂಬರ್‌ಗಳನ್ನು ಎಲ್ಲರ ಎದುರೇ ಚೀಟಿ ಎತ್ತಿ ಹಂಚಿದೆವು. ಆಮೇಲೆ ಯಾರೂ ಫಿಕ್ಸ್ಚರ್ ಬಗ್ಗೆ ಜಗಳ ತೆಗೆಯಲಿಲ್ಲ.

ಕಷ್ಟ ಇರುವುದು ಸಮಯ ಹಾಕುವುದರಲ್ಲಿ. ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿ ಬರುವವರಿಗೆ ಏಳು ಗಂಟೆಯ ಪಂದ್ಯ ಕೊಡಬಾರದು. ಬೆಂಗ್ರೆಯವರಿಗೆ ಸಂಜೆಯ ಕೊನೆಯ ಪಂದ್ಯ ಬೇಡ. ಗಾಳಿ ಮಳೆ ಜೋರಾದರೆ ಹೊಳೆ ದಾಟುವ ಫೆರಿ ನಿಲ್ಲಿಸುತ್ತಾರೆ, ಆಗ ಅವರು ಕೂಳೂರು, ತಣ್ಣೀರುಬಾವಿ ಸುತ್ತಿ ಮನೆ ಸೇರಬೇಕು. ಇದನ್ನೆಲ್ಲ ಪ್ರತಿ ಕ್ಲಬ್‌ನಿಂದ ಮೊದಲೇ ಬರೆಸಿಕೊಂಡೆವು. ಶನಿವಾರ ಎರಡು, ಭಾನುವಾರ ಎರಡು ಪಂದ್ಯ. ನೆಲ ಒದ್ದೆ ಇರುವುದರಿಂದ ಹಾಫ್‌ಗೆ 35 ನಿಮಿಷ ಅಂತ ಎಲ್ಲರ ಒಪ್ಪಿಗೆಯಿಂದ ಇಟ್ಟೆವು. ಜೂನ್–ಜುಲೈಯಲ್ಲಿ ಎಂಟೊಂಬತ್ತು ಭಾನುವಾರ ಸಿಗುತ್ತದೆ. ಏಳು ಸುತ್ತು ಕಳೆದರೆ ಮಳೆಗೆ ಹೋದ ಪಂದ್ಯ ಆಡಿಸಲು ಸ್ವಲ್ಪ ಜಾಗ ಉಳಿಯುತ್ತದೆ. ಆಗಸ್ಟ್‌ಗೆ ಒಂದು ಪಂದ್ಯವೂ ಹೋಗಬಾರದು, ಯಾಕಂದರೆ ಅಷ್ಟು ಹೊತ್ತಿಗೆ ಬೋಟುಗಳು ಹೊರಟಿರುತ್ತವೆ.

ಮಳೆಯಲ್ಲಿ ಪಂದ್ಯ ನಿಲ್ಲಿಸುವ ತೀರ್ಮಾನ ರೆಫ್ರಿಯದ್ದು ಮಾತ್ರ. ಚೆಂಡನ್ನು ನಾಲ್ಕು ಕಡೆ ನೆಲಕ್ಕೆ ಬಿಟ್ಟು ನೋಡುತ್ತಾರೆ, ಉರುಳಿಸಿ ನೋಡುತ್ತಾರೆ. ಏಳದಿದ್ದರೆ, ನೀರಲ್ಲೇ ನಿಂತುಬಿಟ್ಟರೆ, ಪಂದ್ಯ ಮುಂದಕ್ಕೆ. ಗುಡುಗು ಕೇಳಿದರೆ ಎಲ್ಲರೂ ಮೈದಾನದಿಂದ ಹೊರಗೆ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಯಾರೂ ಒಳಗೆ ಬರುವ ಹಾಗಿಲ್ಲ. ಇದರಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಮಕ್ಕಳ ಜೀವದ ಪ್ರಶ್ನೆ. ಸುಣ್ಣದ ಗೆರೆ ಒಂದೇ ಮಳೆಗೆ ತೊಳೆದು ಹೋಗುತ್ತದೆ, ಹಾಗಾಗಿ ಪ್ರತಿ ಪಂದ್ಯಕ್ಕೆ ಮೊದಲು ಎಳೆಯಲು ಇಬ್ಬರು ಬೇಕೇ ಬೇಕು. ಗೋಲ್ ನೆಟ್ ಹರಿದರೆ ನಮಗೆ ಚಿಂತೆಯೇ ಇಲ್ಲ. ಬೆಂಗ್ರೆಯ ಹಿರಿಯರು ಮೀನಿನ ಬಲೆ ಹೆಣೆದ ಕೈಯಲ್ಲಿ ಅದನ್ನು ಹೊಸದರ ಹಾಗೆ ಮಾಡಿ ಕೊಡುತ್ತಾರೆ.

ಈಗ ಅತಿ ಮುಖ್ಯವಾದ ಎರಡು ಕೆಲಸ, ನೋಂದಣಿ ಮತ್ತು ಠೇವಣಿ.

ನೋಂದಣಿ ಅಂದರೆ ಪ್ರತಿ ಆಟಗಾರನ ಫೋಟೋ, ಆಧಾರ್ ಪ್ರತಿ, ಸಹಿ. ಒಬ್ಬನಿಗೆ ಒಂದೇ ಕ್ಲಬ್. ಮೂರನೇ ಸುತ್ತು ಮುಗಿದ ಮೇಲೆ ಹೊಸ ಹೆಸರು ಸೇರಿಸುವ ಹಾಗಿಲ್ಲ. ಕ್ಲಬ್ ಬದಲಿಸಬೇಕಾದರೆ ಹಳೆಯ ಕ್ಲಬ್‌ನ ಒಪ್ಪಿಗೆ ಪತ್ರ ಬೇಕು, ಅದೂ ಸೀಸನ್ ಶುರುವಾಗುವ ಮೊದಲು. ಪಂದ್ಯಕ್ಕೆ ಮೊದಲು ಎರಡೂ ತಂಡದ ಕ್ಯಾಪ್ಟನ್‌ಗಳು ಎದುರಾಳಿಯ ಫೋಟೋ ಪಟ್ಟಿ ನೋಡಿ ಸಹಿ ಹಾಕುತ್ತಾರೆ. ಒಂದು ಸಲ ಒಂದು ದೊಡ್ಡ ಕ್ಲಬ್‌ನವರು ಪಟ್ಟಿಯಲ್ಲಿ ಇಲ್ಲದ ಒಳ್ಳೆಯ ಫಾರ್ವರ್ಡ್ ಒಬ್ಬನನ್ನು ಕರೆತಂದರು. "ಒಂದೇ ಪಂದ್ಯ ಅಲ್ವಾ ಅಣ್ಣ, ಜನಕ್ಕೂ ಖುಷಿ" ಅಂದರು. ನಾವು ಆಡಿಸಲಿಲ್ಲ. ಅವನ ಜಾಗದಲ್ಲಿ ಅವರದೇ ಓಣಿಯ ಪಿಯುಸಿ ಹುಡುಗ ಇಳಿದ. ಆ ಸೀಸನ್ ಪೂರ್ತಿ ಅವನೇ ಆಡಿದ. ನೋಂದಣಿ ಪಟ್ಟಿ ಇರುವುದು ಇದಕ್ಕೇ.

ಠೇವಣಿಯ ಲೆಕ್ಕ ಹೀಗೆ. ಎಂಟ್ರಿ ಫೀಸ್ ಕಡಿಮೆ ಇಟ್ಟು ಠೇವಣಿ ಜಾಸ್ತಿ ಇಟ್ಟೆವು. ಏಳೂ ಪಂದ್ಯಕ್ಕೆ ತಂಡ ಬಂದರೆ ಠೇವಣಿ ಪೂರ್ತಿ ವಾಪಸ್. ಒಂದು ವಾಕೋವರ್ ಕೊಟ್ಟರೆ, ಅಂದರೆ ಆಡಲು ಬಾರದೆ ಪಂದ್ಯ ಬಿಟ್ಟುಕೊಟ್ಟರೆ, ಠೇವಣಿಯಲ್ಲಿ ಒಂದು ಪಾಲು ಎದುರಾಳಿ ಕ್ಲಬ್‌ಗೆ ಹೋಗುತ್ತದೆ, ಜೊತೆಗೆ 3–0 ಸೋಲು. ಏಳು ಮಂದಿಗಿಂತ ಕಡಿಮೆ ಇದ್ದರೆ ಪಂದ್ಯ ಶುರು ಮಾಡಲು ಆಟದ ನಿಯಮವೇ ಬಿಡುವುದಿಲ್ಲ. ಆದರೆ ಒಂಬತ್ತು ಜನ ಬಂದರೂ ಆಡಿ ಎಂದು ನಾನು ಪ್ರತಿ ಕ್ಯಾಪ್ಟನ್‌ಗೆ ಹೇಳುತ್ತೇನೆ. ಒಂಬತ್ತು ಜನರಲ್ಲಿ ಆಡಿ ಸೋತ ತಂಡ ಮುಂದಿನ ವಾರ ಮತ್ತೆ ಬರುತ್ತದೆ. ವಾಕೋವರ್ ಕೊಟ್ಟ ತಂಡಕ್ಕೆ ಮತ್ತೆ ಬರಲು ಮುಖವೇ ಇರುವುದಿಲ್ಲ. ಬಹುಮಾನದ ಹಣವನ್ನೂ ಸಣ್ಣದಾಗಿಸಿ, ಉಳಿದದ್ದನ್ನು ರೆಫ್ರಿಗಳ ಭತ್ಯೆಗೆ, ಚೆಂಡಿಗೆ, ಪ್ರಥಮ ಚಿಕಿತ್ಸೆಗೆ ಹಾಕಿದೆವು. ರೆಫ್ರಿಗೆ ಅಂದಿನ ಹಣ ಅಂದೇ ಕೊಡಬೇಕು. ಸಾಲ ಇಟ್ಟು ನ್ಯಾಯ ಕೇಳಬಾರದು.

ಕೊನೆಯ ಸುತ್ತಿನ ಬಗ್ಗೆ ಒಂದು ಮಾತು. 1982ರ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿ, ಆಸ್ಟ್ರಿಯಾವನ್ನು 1–0 ಗೋಲಿನಿಂದ ಸೋಲಿಸಿತು. ಆ ಫಲಿತಾಂಶದಿಂದ ಎರಡೂ ತಂಡ ಮುಂದೆ ಹೋದವು, ಹಿಂದಿನ ದಿನವೇ ಆಡಿ ಮುಗಿಸಿದ್ದ ಅಲ್ಜೀರಿಯಾ ಹೊರಬಿತ್ತು. ಅದಾದ ಮೇಲೆ ವಿಶ್ವಕಪ್‌ನಲ್ಲಿ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುತ್ತಾರೆ. ನಮ್ಮಂಥ ಸಣ್ಣ ಲೀಗ್‌ಗೂ ಇದು ಬೇಕು. ಏಳನೇ ಸುತ್ತಿಗೆ ಇನ್ನೊಂದು ಮೈದಾನ ಕೇಳಿ ಪಡೆದು, ಪಟ್ಟಿಯ ಮೇಲೆ ಕೆಳಗೆ ತೀರ್ಮಾನವಾಗುವ ಪಂದ್ಯಗಳನ್ನು ಒಂದೇ ಸಮಯಕ್ಕೆ ಇಟ್ಟೆವು. ಪಾಯಿಂಟ್ ಸಮ ಆದರೆ ಮೊದಲು ಗೋಲುಗಳ ಅಂತರ, ಆಮೇಲೆ ಹೊಡೆದ ಗೋಲು, ಆಮೇಲೆ ಅವರಿಬ್ಬರ ಪಂದ್ಯದ ಫಲಿತಾಂಶ. ಈ ಕ್ರಮ ಮೊದಲ ಪಂದ್ಯಕ್ಕೆ ಮೊದಲೇ ಕಾಗದದಲ್ಲಿರಬೇಕು.

ಹೋದ ಸೀಸನ್‌ನಲ್ಲಿ ಜಾಸ್ತಿ ಜನ ಸೇರಿದ್ದು ಚಾಂಪಿಯನ್ ತೀರ್ಮಾನವಾದ ಪಂದ್ಯಕ್ಕಲ್ಲ. ಕೆಳಗಿನ ಎರಡು ಕ್ಲಬ್ ಎರಡನೇ ಡಿವಿಷನ್‌ಗೆ ಇಳಿಯಬೇಕು ಎಂಬ ನಿಯಮ ಇತ್ತಲ್ಲ, ಆರನೇ ಮತ್ತು ಏಳನೇ ಸ್ಥಾನದವರ ಪಂದ್ಯಕ್ಕೆ ಸೇರಿದರು. ಕೊಡೆ ಹಿಡಿದುಕೊಂಡು ಮುದುಕರು, ಹೆಂಗಸರು, ಮಕ್ಕಳು. ನಾಕೌಟ್ ಆಗಿದ್ದರೆ ಈ ಎರಡೂ ತಂಡ ಜೂನ್‌ನಲ್ಲೇ ಮನೆಗೆ ಹೋಗಿರುತ್ತಿದ್ದವು. ಡ್ರಾ ಆದರೂ ಆರನೇ ಸ್ಥಾನದವರು ಉಳಿಯುತ್ತಿದ್ದರು. ಆದರೂ ಅವರು ಗೋಲ್ ಎದುರು ಗುಂಪು ಕಟ್ಟದೆ ಕೊನೆಯವರೆಗೆ ಆಡಿದರು. ಅದನ್ನು ನೋಡಿ ನನಗೆ ತುಂಬಾ ಹೆಮ್ಮೆ ಆಯಿತು.

2023ರಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷದ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ನಮ್ಮ ಹುಡುಗರು ಕೇಳಿದ್ದು ಒಂದೇ: "ನಾವು ಅಲ್ಲಿಗೆ ಹೋಗುವುದು ಹೇಗೆ?" ಬೆಂಗಳೂರಿನ ಹುಡುಗರಿಗೆ ಸಿ, ಬಿ, ಎ, ಸೂಪರ್ ಡಿವಿಷನ್ ಅಂತ ಮೆಟ್ಟಿಲು ಉಂಟು. ನಮ್ಮ ಹುಡುಗನನ್ನು ಯಾರಾದರೂ ಆರಿಸಬೇಕಾದರೆ ಅವನ ಏಳು ಪಂದ್ಯದ ದಾಖಲೆ ತೋರಿಸಲು ಇರಬೇಕು. ಯಾರು ಎಷ್ಟು ನಿಮಿಷ ಆಡಿದ, ಎಷ್ಟು ಗೋಲು, ಎಷ್ಟು ಕಾರ್ಡ್, ಎಲ್ಲವನ್ನೂ ನಾವು ಬರೆದು ಇಡುತ್ತೇವೆ. ಕೇಳಿದ ಕೋಚ್‌ಗಳಿಗೆ ಅದರ ಪ್ರತಿ ಕೊಡುತ್ತೇವೆ.

ಉಡುಪಿ ಕಡೆಯ ಕೆಲವು ಕ್ಲಬ್‌ನವರು ಈಗ ಇಂಥದ್ದನ್ನೇ ಶುರು ಮಾಡಬೇಕು ಅಂತಿದ್ದಾರೆ. ಮಲ್ಪೆಯ ಬೋಟುಗಳಿಗೂ ಅದೇ 61 ದಿನದ ನಿಷೇಧ, ಹಾಗಾಗಿ ನಮ್ಮ ಕ್ಯಾಲೆಂಡರ್ ಅವರಿಗೂ ಹೊಂದುತ್ತದೆ. ನೋಂದಣಿ ಫಾರಂ, ಠೇವಣಿಯ ನಿಯಮ, ಫಿಕ್ಸ್ಚರ್ ಕಾಗದ ಮೂರನ್ನೂ ಕಳಿಸಿದ್ದೇನೆ. ಮೊದಲ ಸಭೆಯನ್ನು ಏಪ್ರಿಲ್‌ನಲ್ಲೇ ಕರೆಯಿರಿ, ರೆಫ್ರಿಗಳನ್ನೂ ಆ ಸಭೆಗೆ ಕೂರಿಸಿಕೊಳ್ಳಿ ಎಂದು ಹೇಳಿದ್ದೇನೆ.